ಬ್ರೆಜಿಲ್‌ನ ಮೊಣಕಾಲು

ತಾಯಿ ಇಗರ್ಜಿಯಲ್ಲಿ ಇಡಿಸಿದ ಚೆಂದದ ಹೆಸರೊಂದು ಆತನಿಗಿತ್ತು. ಕೊಲ್ಲಾಪುರದಲ್ಲಾಗಲಿ ನಮ್ಮ ಗಡಹಿಂಗ್ಲಜದಲ್ಲಾಗಲಿ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಆತ ಬ್ರೆಜಿಲ್. ನಮ್ಮವ್ವನಿಗೆ ಮಾತ್ರ ಬಿರ್ಜಪ್ಪ.

ಆತ ತೀರಿಕೊಂಡು ಬಹಳ ದಿನಗಳಾದವು. ಮೊನ್ನೆ ಹೈಸ್ಕೂಲ್ ಮೈದಾನದ ಕಟ್ಟೆಯ ಮೇಲೆ ಪಂದ್ಯ ನೋಡುತ್ತ ಕೂತಿದ್ದಾಗ ಪಕ್ಕದವರೊಬ್ಬರು, ‘ನೀವು ಬ್ರೆಜಿಲ್ ಜೋಡಿ ಆಡಿದವರಂತ, ಹೌದೇನ್ರಿ?’ ಎಂದು ಕೇಳಿದರು. ಹೌದ್ರಿ ಎಂದೆ. ಆತ ಹೊಡೆದ ಗೋಲುಗಳನ್ನು ಒಂದೊಂದಾಗಿ ಬಣ್ಣಿಸಿದೆ. ಅವರು ಸಂತೋಷಪಟ್ಟು ಎದ್ದು ಹೋದರು. ಮೊಣಕಾಲಿನ ಮಾತನ್ನು ಮಾತ್ರ ನಾನು ತೆಗೆಯಲಿಲ್ಲ. ಅದನ್ನು ಬಿಟ್ಟು ಆತನ ಬಗ್ಗೆ ಹೇಳಿದ್ದೆಲ್ಲ ಅರ್ಧ ಸುಳ್ಳು ಎಂದು ಮನೆಗೆ ಬರುವಾಗ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ತಂದೆ ಗೋವೆಯವನು, ಹಡಗಿನಲ್ಲಿ ಅಡುಗೆಯವ. ಸಮುದ್ರದಾಚೆ ಸಾಂತೋಸ್ ಎಂಬ ಬಂದರಿನಲ್ಲಿ ಹಡಗು ಬಿಟ್ಟು ಖಾನಾವಳಿ ಹಾಕಿದ, ಹೆಂಡತಿಯನ್ನೂ ಕರೆಸಿಕೊಂಡ. ಈತ ಹುಟ್ಟಿದ್ದು ಅಲ್ಲಿ, ಬ್ರೆಜಿಲ್ ದೇಶದಲ್ಲಿ. ಏಳು ವರ್ಷದವನಿದ್ದಾಗ ತಂದೆ ಜ್ವರದಲ್ಲಿ ಹೋದ. ತಾಯಿ ಮಗನನ್ನು ಕಟ್ಟಿಕೊಂಡು ಗೋವೆಗೆ ಮರಳಿದಳು. ಹುಟ್ಟಿದ ಊರಿನ ನೆನಪು ಎಂದರೆ ಕಾಫಿ ಚೀಲಗಳ ವಾಸನೆ, ಮತ್ತು ಕಾಲುಚೀಲದಲ್ಲಿ ಚಿಂದಿ ತುಂಬಿ ಮಾಡಿದ ಚೆಂಡು. ‘ಅಷ್ಟ ಐತಿ ನನ್ನ ಬ್ರೆಜಿಲ್’ ಎನ್ನುತ್ತಿದ್ದ. ಆದರೆ ಬ್ರೆಜಿಲ್ ಎಂದರೆ ಫುಟ್‌ಬಾಲಿನ ದೇಶ ಎಂಬುದು ಆ ಎಪ್ಪತ್ತರ ದಶಕದ ಕೊಲ್ಲಾಪುರದಲ್ಲಿ ಪಾನಿನಂಗಡಿಯವನಿಗೂ ಗೊತ್ತಿತ್ತು. ಅಲ್ಲಿ ಹುಟ್ಟಿದವನು ನಾನಿದ್ದ ಪೇಟೆಯಲ್ಲಿ, ಎಂದರೆ ಕೇರಿಯಲ್ಲಿ, ಇದ್ದಾನೆ ಎಂದ ಮೇಲೆ ಉಳಿದ ಪೇಟೆಗಳ ಹೊಟ್ಟೆ ಉರಿಯದೆ ಇರುತ್ತದೆಯೇ?

‘ಬ್ರೆಜಿಲ್ ಭಾಷೆ ಮಾತಾಡ ನೋಡೋಣು’ ಎಂದು ಜನ ಪೀಡಿಸುತ್ತಿದ್ದರು. ಆತ ಕಣ್ಣು ಮುಚ್ಚಿ, ತಾಯಿ ಕಲಿಸಿದ ಪೋರ್ತುಗೀಜ್ ಪ್ರಾರ್ಥನೆಯನ್ನು ಗಡಗಡ ಹೇಳಿ ಮುಗಿಸುತ್ತಿದ್ದ. ಅದು ಗೋಲಿನ ಮಂತ್ರವೆಂದು ನಮ್ಮ ತಂಡದ ಗೋಲ್‌ಕೀಪರ ಬಾಯಿಪಾಠ ಮಾಡಿದ. ಪಂದ್ಯಕ್ಕೆ ಮೊದಲು ಮಾರುತಿಗೆ ಕಾಯಿ ಒಡೆದು, ಆಮೇಲೆ ಮೇರಿಮಾತೆಯ ಜಪ ಮಾಡಿ ನಾವು ಮೈದಾನಕ್ಕಿಳಿಯುತ್ತಿದ್ದೆವು. ಇದನ್ನು ಬ್ರೆಜಿಲ್ ಯಾರಿಗೂ ಬಿಡಿಸಿ ಹೇಳಲಿಲ್ಲ.

ಇಲ್ಲಿ ಒಂದು ಮಾತು ತಿಳಿಸಬೇಕು. ನಮ್ಮ ಕಡೆ ಗರಡಿ ಎನ್ನುವುದನ್ನು ಕೊಲ್ಲಾಪುರದಲ್ಲಿ ತಾಲೀಮು ಎನ್ನುತ್ತಾರೆ. ಪೇಟೆಗೊಂದು ತಾಲೀಮು, ಕುಸ್ತಿಯೂ ಅದರದೇ, ಫುಟ್‌ಬಾಲ್ ತಂಡವೂ ಅದರದೇ. ಕೆಂಪು ಮಣ್ಣಿನ ಕುಸ್ತಿ ಕಣ ಕೆಳಗೆ, ಅದರ ಮೇಲೆ ಒಂದು ಕೋಣೆ. ಹೊರಗಿನಿಂದ ಕರೆತಂದ ಆಟಗಾರನಿಗೆ ಆ ಕೋಣೆ, ಎರಡು ಹೊತ್ತಿನ ಊಟ. ನಾನು ಆಗ ಕಾಲೇಜು ಓದಲು ಗಡಹಿಂಗ್ಲಜದಿಂದ ಬಂದು ಅದೇ ಪೇಟೆಯಲ್ಲಿ ಇದ್ದವನು, ತಂಡದಲ್ಲಿ ಬ್ಯಾಕ್ ಆಡುತ್ತಿದ್ದೆ. ಬ್ರೆಜಿಲ್ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಿಂತ ಜಾಗವೇ ಹೆಸರು. ನಾನು ‘ಬ್ಯಾಕ್’. ಇಂದಿಗೂ ಯಾರಾದರೂ ಹಿಂದಿನಿಂದ ಬ್ಯಾಕ್ ಎಂದರೆ ತಿರುಗಿ ನೋಡುತ್ತೇನೆ.

ಕೊಲ್ಲಾಪುರಕ್ಕೆ ಬಂದಾಗ ಆತನಿಗೆ ಮೂವತ್ತು ದಾಟಿರಬೇಕು. ಅಷ್ಟರಲ್ಲಿ ತಿರುಗಿದ ಊರುಗಳನ್ನು ಬಸ್ಸಿನ ಕಂಡಕ್ಟರನ ಹಾಗೆ ಒಪ್ಪಿಸುತ್ತಿದ್ದ: ವಾಸ್ಕೋ, ಮುಂಬಯಿ, ಸಿಕಂದರಾಬಾದ್, ಕೋಳಿಕೋಡ್, ಹುಬ್ಬಳ್ಳಿ, ಬೆಳಗಾವಿ. ನಮ್ಮ ಕನ್ನಡ ಕಲಿತದ್ದು ಕೊನೆಯ ಎರಡು ಊರುಗಳಲ್ಲಿ. ಒಂದೊಂದನ್ನು ಯಾಕೆ ಬಿಟ್ಟೆ ಎಂದರೆ ಉತ್ತರ ಒಂದೇ. ‘ಗೋಲ್ ನಿಂತ್ವು. ಎದುರಿಗೆ ಸಿಕ್ಕವರು ಬ್ಯಾರೆ ಕಡೆ ನೋಡಾಕ ಹತ್ತಿದ್ರು. ನಾ ಟ್ರಂಕ್ ಕಟ್ಟಿದೆ.’ ಹೋಗು ಎಂದು ಯಾರ ಬಾಯಿಂದಲೂ ಹೇಳಿಸಿಕೊಳ್ಳಬಾರದು, ಅದಕ್ಕೆ ಒಂದು ದಿನ ಮೊದಲೇ ಹೊರಡಬೇಕು ಎಂಬುದು ಆತನ ಒಂದೇ ಹಟ.

ಆಟದಲ್ಲಿ ಓಡುವವನಲ್ಲ, ನಿಲ್ಲುವವನು. ಸೊಂಟದ ಮೇಲೆ ಕೈ ಇಟ್ಟುಕೊಂಡು, ಯಾರದೋ ದಾರಿ ಕಾಯುವವನ ಹಾಗೆ ನಿಂತಿರುತ್ತಿದ್ದ. ಕಟ್ಟೆಯ ಮೇಲಿನ ಜನ, ‘ಯಾರರ ಇವಗ ಖುರ್ಚಿ ಹಾಕ್ರಿ’ ಎಂದು ಕೂಗುತ್ತಿದ್ದರು. ಆತ ಕೈಮುಗಿಯುತ್ತಿದ್ದ. ಆಮೇಲೆ ಯಾವಾಗಲೋ ನಾಲ್ಕು ಹೆಜ್ಜೆ. ಚೆಂಡು ಬಲೆಯೊಳಗೆ. ಬೈದವನೇ ಪಕ್ಕದವನ ತಲೆಯ ಟೊಪ್ಪಿಗೆ ಕಿತ್ತು ಮೇಲಕ್ಕೆ ಹಾರಿಸುತ್ತಿದ್ದ. ಪಂದ್ಯದ ಹಿಂದಿನ ದಿನ ಮೈದಾನದ ತುಂಬ ಬರಿಗಾಲಲ್ಲಿ ನಡೆದು ತಗ್ಗು ದಿನ್ನೆ ನೋಡಿಟ್ಟುಕೊಳ್ಳುವುದು ಆತನ ರೂಢಿ. ‘ಬ್ಯಾಕ್, ಕಣ್ಣು ಚೆಂಡು ನೋಡ್ತಾವು. ಅಂಗಾಲು ನೆಲಾ ನೋಡ್ಬೇಕು’ ಎನ್ನುತ್ತಿದ್ದ.

ತಾಲೀಮಿನ ಯಜಮಾನರು ನಮ್ಮ ವಸ್ತಾದರು, ಎಂದರೆ ಕುಸ್ತಿ ಗುರು. ಕುರುಂದವಾಡದ ಕಡೆಯ ಕುರಿ ಸಾಕುವ ಮನೆತನದವರು. ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುತ್ತಿದ್ದರು. ಹೆಂಡತಿ ಮಕ್ಕಳು ಇರಲಿಲ್ಲ. ಜಾರಿದ ಭುಜ, ಹೊರಳಿದ ಪಾದ ಅವರ ಕೈಗೆ ಸಿಕ್ಕರೆ ಸರಿಯಾಗುತ್ತಿದ್ದವು ಎಂಬುದು ನಾನು ಕಣ್ಣಾರೆ ಕಂಡದ್ದು. ಅವರಿಗೆ ಗೊತ್ತಿದ್ದದ್ದು ಪೈಲವಾನರ ಮೈ. ಬೆಲ್ಲ, ಸುಣ್ಣ, ಅರಿಶಿನದ ಲೇಪ, ಎಣ್ಣೆ ಹಚ್ಚಿ ತಿಕ್ಕುವುದು, ಆಮೇಲೆ ಬಸ್ಕಿ. ಬಸ್ಕಿ ಹೊಡೆದರೆ ಹೋದ ಶಕ್ತಿ ಬರುತ್ತದೆ. ಬಾರದಿದ್ದರೆ ಇನ್ನೂ ನೂರು ಹೊಡೆಯಬೇಕು. ಆ ತಾಲೀಮಿನಲ್ಲಿ ಅವರ ಮಾತಿಗೆ ಎದುರು ಮಾತು ಆಡಿದವರಿಲ್ಲ. ಹೆದರಿಕೆಯಿಂದಲ್ಲ. ತಂದೆಯ ಎದುರು ಹೇಗೆ ಆಡುವುದಿಲ್ಲವೋ ಹಾಗೆ.

ಬ್ರೆಜಿಲ್ ಬಂದ ಎರಡನೆಯ ವರ್ಷ, ಸೆಮಿಫೈನಲ್ಲಿನಲ್ಲಿ, ಯಾರೂ ಮುಟ್ಟದೆಯೇ ಆತ ಕುಸಿದು ಕೂತ. ಚೆಂಡಿನ ಜೊತೆ ಮೈ ತಿರುಗಿತು, ನೆಲದಲ್ಲಿ ಊರಿದ ಎಡಪಾದ ತಿರುಗಲಿಲ್ಲ. ಮೊಣಕಾಲಿನೊಳಗೆ ಹಸಿ ಕಬ್ಬು ಮುರಿದಂತೆ ಸಪ್ಪಳವಾಯಿತು ಎಂದು ಆಮೇಲೆ ಹೇಳಿದ. ನಾನು ಟಾಂಗಾದಲ್ಲಿ ಹಾಕಿಕೊಂಡು ಡಾಕ್ಟರರೊಬ್ಬರಲ್ಲಿಗೆ ಒಯ್ದೆ. ಹೊಸದಾಗಿ ದವಾಖಾನೆ ತೆರೆದ ತರುಣರು. ಮೊಣಕಾಲನ್ನು ಬಹಳ ಹೊತ್ತು ಆಚೀಚೆ ಒತ್ತಿ ನೋಡಿದರು. ಒಳಗಿನ ನರ ಹರಿದಿದೆ, ಇದರ ಮೇಲೆ ಭಾರ ಹಾಕಲೇಬೇಡಿ, ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿ, ಈಗಲೇ ಮಾಡಿಸದಿದ್ದರೆ ಮುಂದೆ ಈ ಕಾಲು ನಿಮ್ಮದಾಗಿ ಉಳಿಯುವುದಿಲ್ಲ ಎಂದರು. ಇಬ್ಬರೂ ಕೇಳಿಸಿಕೊಂಡೆವು.

ವಾಪಸು ಬರುವಾಗ ಟಾಂಗಾದಲ್ಲಿ ಆತ ತನ್ನ ಮೊಣಕಾಲನ್ನೇ ನೋಡುತ್ತ ಕೂತಿದ್ದ. ಪೇಟೆಯ ತಿರುವು ಬಂದಾಗ ಹೇಳಿದ:

‘ಬ್ಯಾಕ್, ಮಿರಜಿ ಮಾತು ತಾಲೀಮಿನ್ಯಾಗ ತಗೀಬ್ಯಾಡ.’

‘ಯಾಕ? ಕಾಲು ಹೋಗ್ತದಂದಾರ ಡಾಕ್ಟರು.’

‘ಕಾಲು ಎಂದಾರ ಒಂದಿನ ಹೋದೀತು. ಮ್ಯಾಲಿನ ಕೋಣಿ ನಾಳೇನ ಹೋಗ್ತದ. ಆಡದಾವನ್ನ ಯಾರು ಇಟ್ಕೊಂತಾರ? ನಾ ಆರು ಊರು ನೋಡೇನಿ.’

ಫೈನಲ್ಲಿಗೆ ಹನ್ನೆರಡು ದಿನವಿತ್ತು. ತಾಲೀಮಿನ ಅಂಗಳದಲ್ಲಿ ಪೇಟೆಯೇ ನೆರೆದಿತ್ತು. ವಸ್ತಾದರು ಲೇಪದ ಬಟ್ಟಲು ಸಿದ್ಧ ಮಾಡಿಕೊಂಡೇ ಕೂತಿದ್ದರು. ಬ್ರೆಜಿಲ್‌ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನನ್ನ ಕಡೆ ನೋಡಿದರು.

‘ಏನಂದಾ ತಮ್ಮಾ, ಡಾಕ್ಟರ?’

ನಾನು ಬ್ರೆಜಿಲ್ ಕಡೆ ನೋಡಿದೆ. ಆತ ಕೆಂಪು ಮಣ್ಣು ನೋಡುತ್ತಿದ್ದ.

‘ಆರಾಮ ಮಾಡ್ಬೇಕಂತ್ರಿ’ ಎಂದೆ.

‘ಮಾಡ್ಸೋಣು. ಉಳುಕೈತಿ ಅಷ್ಟ. ಇಂಥವು ಎಷ್ಟ ನೋಡೇನಿ’ ಎಂದು ಮೊಣಕಾಲನ್ನು ಹಿಡಿದು ಎಳೆದರು. ಬ್ರೆಜಿಲ್ ಕೂಗಲಿಲ್ಲ. ಹಲ್ಲು ಕಚ್ಚಿದ್ದು ಮಾತ್ರ ಕೇಳಿಸಿತು. ‘ಗಂಡಸ ನೋಡ್ರಿ ಇವ’ ಎಂದು ಜನ ಮೆಚ್ಚಿಕೊಂಡರು.

ನಾಲ್ಕು ದಿನ ಲೇಪ. ಐದನೆಯ ದಿನ ಬೆಳಿಗ್ಗೆ ಆತನನ್ನು ಮಣ್ಣಿನ ಕಣಕ್ಕೆ ಇಳಿಸಿ, ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿಸಿ ಬಸ್ಕಿ ಹೊಡೆಸಿದರು. ಮೊದಲ ದಿನ ಇಪ್ಪತ್ತೈದು, ಮರುದಿನ ಐವತ್ತು, ಆಮೇಲೆ ನೂರು. ಎಣಿಸುವ ಕೆಲಸ ನನ್ನದು. ಎದುರಿಗೆ ನಿಂತು ಎಣಿಸುತ್ತಿದ್ದೆ. ಕೂತು ಏಳುವಾಗ ಆತನ ಮೊಣಕಾಲಿನ ಚಿಪ್ಪು ಒಳಗಡೆ ಜರುಗಿ ಮತ್ತೆ ತನ್ನ ಜಾಗಕ್ಕೆ ಬರುವುದು ನನಗೆ ಕಾಣುತ್ತಿತ್ತು. ಎರಡು ಸಲ ಎಣಿಕೆಯಲ್ಲಿ ಹತ್ತನ್ನು ಹಾರಿಸಿದೆ. ಅಷ್ಟೇ ನಾನು ಮಾಡಿದ ಉಪಕಾರ.

ಫೈನಲ್ಲಿನಲ್ಲಿ ಆತನನ್ನು ಎರಡನೆಯ ಅರ್ಧಕ್ಕೆ ಇಳಿಸಿದರು. ಮೊಣಕಾಲಿಗೆ ಪೈಲವಾನರ ಲಂಗೋಟಿಯ ಬಟ್ಟೆ ಬಿಗಿದು ಕಟ್ಟಿದ್ದರು. ಎಂದಿನಂತೆ ಸೊಂಟಕ್ಕೆ ಕೈಕೊಟ್ಟು ನಿಂತ. ನಿಲ್ಲಲಾರದೆ ನಿಂತಿದ್ದಾನೆ ಎಂದು ಗೊತ್ತಿದ್ದವನು ಇಡೀ ಸ್ಟೇಡಿಯಮ್ಮಿನಲ್ಲಿ ನಾನೊಬ್ಬನೇ. ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟ. ಗೋಲಾಯಿತು. ಕೆಳಗೆ ಬಿದ್ದವನು ಏಳಲಿಲ್ಲ. ನಾವು ಹೆಗಲ ಮೇಲೆ ಎತ್ತಿಕೊಂಡೆವು. ಸಂತೋಷಕ್ಕೆ ಎತ್ತಿದ್ದಾರೆ ಎಂದೇ ಜನ ತಿಳಿದರು. ಪೇಟೆಯ ತುಂಬ ಗುಲಾಲು ಹಾರಿತು. ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ ಕೂತ ಬ್ರೆಜಿಲ್‌ನ ಮುಖದ ಮೇಲಿನ ಗುಲಾಲಿನಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು. ‘ಮುದಕ ಆದ ನೋಡ್ರಿ, ಖುಷಿಗೆ ಅಳಾಕತ್ತಾನ’ ಎಂದು ವಸ್ತಾದರು ನಕ್ಕು ಆತನ ತಲೆ ಸವರಿದರು.

ಮುಂದಿನ ಹಂಗಾಮಿಗೆ ಗೋವೆಯಿಂದ ಹೊಸ ಫಾರ್ವರ್ಡ್ ಒಬ್ಬನನ್ನು ತರುವ ಮಾತು ಎದ್ದಿತು. ಮಾತು ಎದ್ದ ದಿನವೇ ಬ್ರೆಜಿಲ್ ಟ್ರಂಕ್ ಕಟ್ಟಿದ.

ಓದು ಮುಗಿಸಿ ನಾನು ಇಚಲಕರಂಜಿಯ ಒಂದು ನೂಲಿನ ಕಾರಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಹೋದರೆ ಅಲ್ಲಿ ಬ್ರೆಜಿಲ್. ಯಡ್ರಾವದ ರಸ್ತೆಯಲ್ಲಿ ಮಗ್ಗಗಳಿದ್ದ ಸಾವುಕಾರರೊಬ್ಬರು ಫುಟ್‌ಬಾಲಿನ ಹುಚ್ಚಿನಿಂದ ತಂಡ ಕಟ್ಟಿದ್ದರು. ಕೊಲ್ಲಾಪುರದ ಹೆಸರು ಕೇಳಿಯೇ ಈತನನ್ನು ಕರೆಸಿಕೊಂಡಿದ್ದರು. ಆರು ಪಂದ್ಯ ಆತ ಬರಿ ನಿಂತ. ‘ಅವನ ಆಟನ ಹಂಗ, ನಿಲ್ಲಲಿ ಬಿಡ್ರಿ’ ಎಂದು ಸಾವುಕಾರರೇ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದರು. ಏಳನೆಯ ಪಂದ್ಯದಲ್ಲಿ ಚೆಂಡು ಕಾಲಿಗೇ ಬಂದಿತು, ಒದೆಯಲು ಹೋಗಿ ಬಿದ್ದ. ಸಾವುಕಾರರು ಒಳ್ಳೆಯವರೇ. ಹೊರಗೆ ಹಾಕಲಿಲ್ಲ, ಮಗ್ಗದ ಕೆಲಸಕ್ಕೆ ನಿಲ್ಲಿಸಿದರು. ಕಾಲು ಕೆಟ್ಟವನಿಗೆ ಹನ್ನೆರಡು ತಾಸು ನಿಲ್ಲುವ ಕೆಲಸ. ಒಂದು ದಿನ ಮೊಣಕಾಲು ಜಾರಿ ಮಗ್ಗದ ಕಬ್ಬಿಣದ ಮೇಲೆ ಬಿದ್ದು, ಅದೇ ಮೊಣಕಾಲು ಒಡೆಯಿತು. ಆ ಗಾಯ ಮಾಯ್ದಂತೆ ಮಾಡುವುದು, ಮತ್ತೆ ಬಾಯಿ ಬಿಡುವುದು. ಸಕ್ಕರೆ ಕಾಯಿಲೆ ಇದೆ ಎಂಬುದು ಆಗ ತಿಳಿಯಿತು.

ಅಪ್ಪ ತೀರಿಕೊಂಡ ಮೇಲೆ ನಾನು ಗಡಹಿಂಗ್ಲಜಕ್ಕೆ ಬಂದು ಮೆಣಸಿನಕಾಯಿ ಅಂಗಡಿ ಹಿಡಿದೆ. ಬರುವಾಗ ಬ್ರೆಜಿಲ್‌ನನ್ನೂ ಕರೆತಂದೆ. ದೊಡ್ಡ ಮನಸ್ಸೆಂದು ಊರವರು ಹೊಗಳಿದರು. ಹೊಗಳಿದಾಗೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಆತನ ಮಂಚ. ಮೆಣಸಿನಕಾಯಿಯ ಘಾಟಿಗೆ ಬಂದವರೆಲ್ಲ ಸೀನಿದರೆ ಆತ ಮಾತ್ರ ಸೀನುತ್ತಿರಲಿಲ್ಲ. ಅವ್ವ ಆತನ ಟ್ರಂಕಿನಲ್ಲಿದ್ದ ಹಳೆಯ ಜರ್ಸಿಗಳನ್ನೆಲ್ಲ ಸೇರಿಸಿ ಕೌದಿ ಹೊಲಿದಳು. ಹುಬ್ಬಳ್ಳಿ ನೀಲಿ, ಸಿಕಂದರಾಬಾದ್ ಕೆಂಪು, ಕೋಳಿಕೋಡ್ ಹಸಿರು. ‘ಎಷ್ಟ ಊರು ತಿರುಗೀಯೋ ಬಿರ್ಜಪ್ಪಾ, ಒಂದರಾಗರ ಒಬ್ಬಾಕಿ ಹೆಂಡ್ತಿ ಸಿಗಲಿಲ್ಲೇನ?’ ಎಂದಳು.

‘ಸಿಕ್ಕಿದ್ಲು ಅವ್ವಾ. ಗೋಲ್ ಎಷ್ಟಂತ ಕೇಳಿದ್ಲು.’

‘ನಿನಗ ಮೀನಿನ ಸಾರು ಮಾಡಿ ಹಾಕಾಕ ಆಕಿನ ಬೇಕಾಗಿತ್ತು. ನನ್ನ ಕಡಿಂದ ಕಡ್ಲಿಹಿಟ್ಟಿನ ಝುಣಕಾ, ರೊಟ್ಟಿ ಅಷ್ಟ.’

‘ಝುಣಕಾನ ಮೀನಿನ ಆಕಾರ ಮಾಡಿ ಹಾಕು, ನಾ ತಿಳ್ಕೊಂತೇನಿ.’

ಅವ್ವ ನಗುತ್ತ ಬಯ್ಯುತ್ತ ಒಳಗೆ ಹೋಗುತ್ತಿದ್ದಳು. ಸಂಜೆ ಆತ ಮೈದಾನದ ಅಂಚಿನಲ್ಲಿ ಖುರ್ಚಿ ಹಾಕಿಕೊಂಡು ನಮ್ಮ ಊರ ತಂಡಕ್ಕೆ ಕಲಿಸುತ್ತಿದ್ದ. ಯಾರಾದರೂ ಮೊಣಕಾಲು ಹಿಡಿದುಕೊಂಡರೆ ಕಲಿಸುವುದನ್ನು ನಿಲ್ಲಿಸಿ, ಅಂದೇ ಅವನನ್ನು ಡಾಕ್ಟರರಲ್ಲಿಗೆ ಅಟ್ಟುತ್ತಿದ್ದ. ಈ ವಿಷಯದಲ್ಲಿ ಮಾತ್ರ ಆತನ ಬಾಯಿಂದ ಕೆಟ್ಟ ಬೈಗಳು ಬರುತ್ತಿದ್ದವು.

ಎಂಬತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ಗಾಯ ಕೊಳೆತು ಕೀವು ಎಲುಬಿಗೆ ಇಳಿಯಿತು. ಮಿರಜಿಗೆ ಒಯ್ದೆ. ಹತ್ತು ಹನ್ನೊಂದು ವರ್ಷ ತಡವಾಗಿ. ಅಲ್ಲಿಯ ದೊಡ್ಡ ಡಾಕ್ಟರರು, ಮೊದಲ ಪೆಟ್ಟು ಯಾವಾಗ ಬಿದ್ದಿತು, ಆಗ ಏನು ಉಪಚಾರ ಮಾಡಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬ್ರೆಜಿಲ್ ಹೇಳಿದ: ‘ಬಸ್ಸಿನಿಂದ ಬಿದ್ದಿದ್ದೆ. ಏನೂ ಮಾಡಲಿಲ್ಲ.’ ಕಾಲನ್ನು ತೊಡೆಯ ಮಧ್ಯದಿಂದ ತೆಗೆದರು.

ಅದೇ ವಾರ್ಡಿನಲ್ಲಿ ಎರಡು ಮಂಚದ ಆಚೆ ಒಬ್ಬ ಪೈಲವಾನ ಮಲಗಿದ್ದ. ಮಾತಾಡಿಸಿದರೆ ನಮ್ಮ ಹಳೆಯ ತಾಲೀಮಿನವನು. ಮೊಣಕಾಲಿನದೇ ತೊಂದರೆ. ‘ವಸ್ತಾದರು ಎಂಟ ದಿನ ಬಸ್ಕಿ ಹೊಡಿಸಿದ್ರು. ಅವರ ಕೈಗುಣ ಭಾಳ ಚಲೋ. ನನ್ನ ನಸೀಬ ಖೊಟ್ಟಿ’ ಎಂದ. ನಾನು ಬ್ರೆಜಿಲ್‌ನ ಮಂಚಕ್ಕೆ ಬಂದು ಕೂತೆ.

‘ಕೇಳಿದೇನ?’

‘ಕೇಳ್ದೆ.’

‘ವಸ್ತಾದರಿಗೆ ಇನ್ನೂ ಗೊತ್ತಿಲ್ಲ. ನಾವಿಬ್ರೂ ಹೇಳಿಲ್ಲ. ಈಗರ ಹೇಳ್ಬೇಕು.’

‘ಬ್ಯಾಡ. ಎಪ್ಪತ್ತೈದು ವರ್ಷದ ಮುದುಕ. ತನ್ನ ಕೈಯಾಗ ಕಾಲು ಹೋತು ಅಂದ್ರ ಹೆಂಗ ಬದಕ್ತಾನ? ಹೋಗಿದ್ದು ನನ್ನ ಕಾಲು. ನಾ ಸುಮ್ಮನದೇನಿ, ನಿನಗೇನಾಗೇತಿ?’

ನಾನು ಮಾತು ಕೇಳಲಿಲ್ಲ. ಆತನನ್ನು ಮನೆಗೆ ಕರೆತಂದು ಅವ್ವನ ಕೈಗೆ ಒಪ್ಪಿಸಿ, ಕೊಲ್ಲಾಪುರದ ಬಸ್ಸು ಹತ್ತಿದೆ. ವಸ್ತಾದರು ಅಂಗಳದಲ್ಲಿ ಒಬ್ಬನ ಪಾದಕ್ಕೆ ಎಣ್ಣೆ ತಿಕ್ಕುತ್ತ ಕೂತಿದ್ದರು. ಗುರುತು ಹಿಡಿದು ‘ಬಾ ತಮ್ಮಾ’ ಎಂದರು. ನಿಂತುಕೊಂಡೇ ಹೇಳಿದೆ. ಡಾಕ್ಟರರು ಅಂದು ಆಡಿದ ಮಾತು, ಟಾಂಗಾದಲ್ಲಿ ಬ್ರೆಜಿಲ್ ಬೇಡಿಕೊಂಡದ್ದು, ಅವರ ಎದುರು ನಾನು ಅಂದದ್ದು, ಕಾಲು ತೆಗೆದದ್ದು.

‘ಇನ್ನೊಮ್ಮಿ ಹೇಳು. ಡಾಕ್ಟರ ಏನಂದಿದ್ದ, ಅದನ್ನಷ್ಟ’ ಎಂದರು.

ಹೇಳಿದೆ. ಅವರು ಹಿಡಿದಿದ್ದ ಪಾದವನ್ನು ಮೆಲ್ಲಗೆ ಕೆಳಗಿಟ್ಟರು. ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ನಾನು ಅವರ ಕಾಲು ಮುಟ್ಟಿ ಬಂದೆ.

ಮನೆಗೆ ಬಂದು ಬ್ರೆಜಿಲ್‌ಗೆ ತಿಳಿಸಿದಾಗ ಆತ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ‘ಹೊತ್ಕೊಂಡು ತಿರುಗಿ ತಿರುಗಿ ದಣಿದಿದ್ದಿ. ಒಯ್ದು ಮುದುಕನ ತಲೀ ಮ್ಯಾಲೆ ಇಳಿಸಿ ಬಂದಿ. ಹಗುರ ಆತಿಲ್ಲೋ?’ ಎಂದ. ಎಂಟು ದಿನ ನನ್ನ ಜೊತೆ ಮಾತು ಬಿಟ್ಟ. ಏನು ಬೇಕಾದರೂ ಅವ್ವನಿಗೇ ಹೇಳುವುದು. ಬಯ್ದದ್ದು ಪೂರ್ತಿ ಸುಳ್ಳೆಂದು ಇಂದಿಗೂ ನನಗೆ ಎದೆ ಮುಟ್ಟಿ ಹೇಳಲಾಗುವುದಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ವಸ್ತಾದರು ಬಂದರು. ಒಬ್ಬರೇ, ಬಸ್ಸಿನಲ್ಲಿ. ಅಂಗಡಿಯೊಳಗೆ ಬರುತ್ತಲೇ ಮೆಣಸಿನಕಾಯಿ ಘಾಟಿಗೆ ಕೆಮ್ಮಿದರು. ಕೆಮ್ಮುತ್ತಲೇ ಹಿಂದಿನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತರು. ಕೌದಿ ಎಡಗಡೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನೇ ನೋಡಿದರು.

ಬ್ರೆಜಿಲ್ ಗಡಬಡಿಸಿ ಎದ್ದು ಕೂತ. ‘ಇವನ ಮಾತು ಕೇಳಬ್ಯಾಡ ವಸ್ತಾದ. ಡಾಕ್ಟರ ಹಂಗೇನೂ ಅಂದಿದ್ದಿಲ್ಲ. ಇವ ಮೊದಲಿಂದ ಸುಳ್ಳಾ. ಬಸ್ಕಿ ಎಣಿಸಾಕೂ ಬರ್ತಿದ್ದಿಲ್ಲ ಇವಗ.’

ವಸ್ತಾದರು ನನ್ನ ಕಡೆ ತಿರುಗಲೇ ಇಲ್ಲ.

‘ಅವತ್ತ ನೀ ನನಗ ಖರೆ ಹೇಳಿದ್ದರ, ನಾ ನಿನ್ನ ಕೋಣಿ ಬಿಡಸ್ತಿದ್ದೆ ಅಂತ ತಿಳ್ದಿದ್ದೇನು?’

ಬ್ರೆಜಿಲ್ ಕೌದಿಯ ಅಂಚಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಬಿಡಿಸುತ್ತಿರಲಿಲ್ಲ ಎಂದು ವಸ್ತಾದರು ಹೇಳುತ್ತಾರೆಂದು ನಾನು ಕಾದೆ. ಅದೊಂದು ಮಾತು ಆತನಿಗೆ ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ವಸ್ತಾದರು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಹಳ ಹೊತ್ತು ವಿಚಾರ ಮಾಡಿದರು. ದೇವರೆದುರು ನಿಂತವರ ಹಾಗೆ, ಒಂದೂ ಮಾತು ಹೆಚ್ಚು ಕಡಿಮೆ ಆಗಬಾರದು ಎನ್ನುವವರ ಹಾಗೆ.

‘ಬಿಡಸ್ತಿದ್ದೆ’ ಎಂದರು.

ಬ್ರೆಜಿಲ್ ತಲೆಯಾಡಿಸಿದ. ಗೊತ್ತಿದ್ದ ಲೆಕ್ಕವೊಂದು ಸರಿಹೋದವನಂತೆ, ಸಮಾಧಾನದಿಂದ. ಆಮೇಲೆ ಉಳಿದ ಕಾಲನ್ನು ಮಡಚಿಕೊಂಡು ಮಂಚದ ಮೇಲೆ ಒಬ್ಬರು ಕೂಡುವಷ್ಟು ಜಾಗ ಮಾಡಿದ.

‘ಕೂಡ್ರು ವಸ್ತಾದ’ ಎಂದ. ‘ದೂರದಿಂದ ಬಂದೀದಿ.’